ಬದಲಿ ಮೌಲ್ಯ ಹಾಕಿದ ಮೇಲೆ ಬಟವಾಡೆ ಲೆಕ್ಕ ಕೂಡದಿದ್ದರೆ: ಒಂದು ದೋಷ ನಿವಾರಣೆ ಕೈಪಿಡಿ

ಚಿಕ್ಕಮಗಳೂರು ಸುತ್ತಮುತ್ತಲಿನ ಕೆಲವು ಕಾಫಿ ತೋಟಗಳ ಬಟವಾಡೆ ತಂತ್ರಾಂಶವನ್ನು ನೋಡಿಕೊಳ್ಳುವುದು ನನ್ನ ಕೆಲಸ. ಚೆಕ್‌ರೋಲ್ ಎಂಬ ಹಾಜರಿ ಪುಸ್ತಕದ ಲೆಕ್ಕ, ಕೊಯ್ದ ಹಣ್ಣಿನ ತೂಕ, ಮುಂಗಡ, ಭವಿಷ್ಯ ನಿಧಿಯ ಕಡಿತ, ಕೊನೆಗೆ ಬ್ಯಾಂಕಿಗೆ ಹೋಗುವ ಮೊತ್ತ. ಹೊಸ ಆವೃತ್ತಿಯನ್ನು ಪರೀಕ್ಷಿಸುವವರು ಹಾಸನದಲ್ಲಿದ್ದಾರೆ. ಕೆಲಸಗಾರರ ನಿಜವಾದ ಆಧಾರ್ ಸಂಖ್ಯೆ, ಖಾತೆ ಸಂಖ್ಯೆ, ಫೋನ್ ಸಂಖ್ಯೆಗಳು ಅವರ ಕೈಗೆ ಹೋಗಬಾರದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ, ಮಾಹಿತಿಯನ್ನು ಕಾಪಾಡುವಲ್ಲಿ ಎಡವಿದರೆ 250 ಕೋಟಿ ರೂಪಾಯಿವರೆಗೂ ದಂಡವಿದೆ. ಕಾಯ್ದೆ ಇಲ್ಲದಿದ್ದರೂ ಲೈನ್ ಮನೆಯಲ್ಲಿರುವ (ತೋಟದ ಸಾಲುಮನೆಯ) ಕೆಲಸಗಾರರ ಮುಂಗಡದ ಲೆಕ್ಕ ಊರೂರು ಸುತ್ತುವುದು ಸರಿಯಲ್ಲ. ಹಾಗಾಗಿ ದಾಖಲೆಯ ಒಂದು ಪ್ರತಿ ತೆಗೆದು, ಗುಟ್ಟಾಗಿಡಬೇಕಾದ ಕಡೆಯಲ್ಲೆಲ್ಲ ಯಂತ್ರ ಯಾದೃಚ್ಛಿಕವಾಗಿ ಹೆಕ್ಕಿದ ಬದಲಿ ಮೌಲ್ಯ ಕೂರಿಸಿ ಕಳಿಸುತ್ತೇವೆ.

ಕಳೆದ ಕೊಯ್ಲಿನ ಸಮಯದಲ್ಲಿ ಹಾಗೆ ಕಳಿಸಿದ ಎರಡೇ ದಿನಕ್ಕೆ ಹಾಸನದಿಂದ ಫೋನ್ ಬಂತು.

“ಸರ್, ನಿಮ್ಮ ತೋಟದಲ್ಲಿ ಒಬ್ಬರು ಒಂದೇ ದಿನ ಎರಡು ಬ್ಲಾಕಿನಲ್ಲಿ ಹಣ್ಣು ಕೊಯ್ದಿದ್ದಾರೆ. ಒಂದು ಕಡೆ 74 ಕೆಜಿ, ಇನ್ನೊಂದು ಕಡೆ 81. ಜೊತೆಗೆ 41 ಜನರ ಹಾಜರಿ ಇದೆ, ಕೆಲಸಗಾರರ ಪಟ್ಟಿಯಲ್ಲಿ ಮಾತ್ರ ಅವರಿಲ್ಲ. ಮೂಲದಲ್ಲೂ ಹೀಗೇ ಇದೆಯೇ?”

ಮೂಲದಲ್ಲಿ ಹೀಗಿರಲಿಲ್ಲ. ಆ ತಿಂಗಳ ಬಟವಾಡೆ ಪೈಸೆ ಪೈಸೆಗೂ ಕೂಡಿತ್ತು. ಕೆಡಿಸಿದ್ದು ನಾವು. ಇಂಥ ದೂರು ಬಂದಾಗ ಯಾದೃಚ್ಛಿಕ ಸಂಖ್ಯೆ ಹುಟ್ಟಿಸುವ ಭಾಗದ ಮೇಲೆ ಅನುಮಾನಪಡುವುದು ವಾಡಿಕೆ. ನಾನು ಕಂಡ ಮಟ್ಟಿಗೆ ಅದು ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡಿರುತ್ತದೆ. ಒಂದು ಮೌಲ್ಯಕ್ಕೆ ಬೇರೆ ಕೋಷ್ಟಕದ, ಬೇರೆ ಕಾಲಂನ, ಹೊರಗಿನ ಲೋಕದ ಇನ್ನೊಂದು ಮೌಲ್ಯದೊಡನೆ ನಂಟಿರುತ್ತದೆ. ಬದಲಾಯಿಸುವ ಭರದಲ್ಲಿ ಆ ನಂಟನ್ನು ಕಡಿದಿರುತ್ತೇವೆ. ಎಲ್ಲಿ ಕಡಿಯಿತು ಎಂದು ಹುಡುಕುವುದೇ ಈ ಕೈಪಿಡಿಯ ಕೆಲಸ.

ಮೊದಲು ಎಣಿಸಿ

ಬದಲಿ ಹಾಕುವ ಸ್ಕ್ರಿಪ್ಟ್ (ಚಿಕ್ಕ ಪ್ರೋಗ್ರಾಂ) ತೆರೆಯುವ ಮೊದಲು ಎಣಿಕೆ ಮಾಡಿ. ಬದಲಾಯಿಸಿದ ಪ್ರತಿ ಕಾಲಂನಲ್ಲಿ ಎಷ್ಟು ಬೇರೆ ಬೇರೆ ಮೌಲ್ಯಗಳಿವೆ ಎಂದು ಮೂಲದಲ್ಲಿ ಒಮ್ಮೆ, ಪರೀಕ್ಷಾ ಪ್ರತಿಯಲ್ಲಿ ಒಮ್ಮೆ ಎಣಿಸಿ. ಬದಲಿ ಪ್ರತಿಯಲ್ಲಿ ಸಂಖ್ಯೆ ಕಡಿಮೆಯಾಗಿದ್ದರೆ ಇಬ್ಬರಿಗೆ ಒಂದೇ ಬದಲಿ ಬಿದ್ದಿದೆ. ಹೆಚ್ಚಾಗಿದ್ದರೆ ಒಬ್ಬರಿಗೇ ಎರಡು ಬದಲಿ ಸಿಕ್ಕಿದೆ. ಸಮನಾಗಿದ್ದೂ ಕೋಷ್ಟಕಗಳು ಒಂದಕ್ಕೊಂದು ಕೂಡದಿದ್ದರೆ, ಪ್ರತಿ ಕೋಷ್ಟಕವನ್ನೂ ಬೇರೆ ಬೇರೆ ಸಲ, ಬೇರೆ ಬೇರೆ ಬದಲಿ ಪಟ್ಟಿ (ಯಾವ ಮೂಲಕ್ಕೆ ಯಾವ ಬದಲಿ ಎಂಬ ಪಟ್ಟಿ) ಹಿಡಿದು ಬದಲಾಯಿಸಿದ್ದೀರಿ. ಈ ಮೂರನೆಯದು ಬಲು ಸುಲಭದ ತಪ್ಪು: ಸೋಮವಾರ ಕೆಲಸಗಾರರ ಪಟ್ಟಿ, ಮಂಗಳವಾರ ಹಾಜರಿ ಎಂದು ಓಡಿಸಿದರೆ ಸೋಮವಾರದ ಬದಲಿಗಳನ್ನು ಮಂಗಳವಾರದ ಓಟ ಮರೆತಿರುತ್ತದೆ. ಬದಲಿ ಪಟ್ಟಿಯನ್ನು ಒಂದೇ ಕಡೆ ಉಳಿಸಿ, ಎಲ್ಲ ಕೋಷ್ಟಕಗಳಿಗೂ ಅದನ್ನೇ ಬಳಸಿದರೆ ಮುಗಿಯಿತು.

ನಮ್ಮ ಪ್ರಕರಣ ಅಷ್ಟು ಸುಲಭಕ್ಕೆ ಮುಗಿಯಲಿಲ್ಲ. ಮೂಲದ ಹಾಜರಿ ಕೋಷ್ಟಕದಲ್ಲಿ ಕೆಲಸಗಾರರ ಸಂಕೇತ ಸಂಖ್ಯೆಗಳು 2,100. ಬದಲಿ ಪ್ರತಿಯಲ್ಲಿ 2,139. ಅಂದರೆ 39 ಹೆಚ್ಚು. ಆದರೆ ಹಾಸನದವರು ಹೇಳಿದ್ದು 41 ಜನ. ಈ ಎರಡರ ವ್ಯತ್ಯಾಸವನ್ನು ‘ಎಲ್ಲೋ ಎಣಿಕೆ ತಪ್ಪಿರಬೇಕು’ ಎಂದು ಬಿಟ್ಟುಬಿಡುವ ಆಸೆ ನನಗೂ ಆಯಿತು. ಬಿಡಲಿಲ್ಲ. ಎರಡು ಬೇರೆ ಬೇರೆ ದೋಷಗಳು ಒಂದರ ಲೆಕ್ಕವನ್ನು ಇನ್ನೊಂದು ಮುಚ್ಚುತ್ತಿದ್ದವು: 41 ಹೆಚ್ಚಾಗಿತ್ತು, 2 ಕಡಿಮೆಯಾಗಿತ್ತು. ಹೆಚ್ಚಿದ್ದೂ ಕಡಿಮೆಯಾದದ್ದೂ ಸರಿದೂಗಿಬಿಟ್ಟಿದ್ದರೆ ಎಣಿಕೆ ಸಮನೆಂದು ತೋರಿ ನಾವು ಮೋಸಹೋಗುತ್ತಿದ್ದೆವು. ಆದ್ದರಿಂದ ಎಣಿಕೆ ಸಮನಾಗಿ ಬಂದರೂ ಬದಲಿ ಪಟ್ಟಿಯನ್ನೇ ತೆರೆದು, ಎಡಗಡೆ ಯಾವ ಮೂಲ ಎರಡು ಸಲ ಬಂದಿದೆ, ಬಲಗಡೆ ಯಾವ ಬದಲಿ ಎರಡು ಸಲ ಬಂದಿದೆ ಎಂದು ಬೇರೆ ಬೇರೆಯಾಗಿ ನೋಡಿ.

ಕಾಣದ ಖಾಲಿ ಜಾಗ

41 ಅನಾಥ ಬದಲಿಗಳನ್ನು ಹಿಡಿದು ಬದಲಿ ಪಟ್ಟಿಯಲ್ಲಿ ಅವುಗಳ ಮೂಲ ಹುಡುಕಿದೆ. ಎಲ್ಲವೂ ಒಂದೇ ತೋಟದವು. ಕೆ-0412, ಕೆ-0417, ಹೀಗೆ. ಕಣ್ಣಿಗೆ ಯಾವ ದೋಷವೂ ಕಾಣಲಿಲ್ಲ. ಉದ್ದ ಅಳೆದಾಗ ಸಿಕ್ಕಿಬಿತ್ತು: ಆರು ಅಕ್ಷರ ಇರಬೇಕಾದ ಕಡೆ ಏಳು. ಕೊನೆಯಲ್ಲೊಂದು ಖಾಲಿ ಜಾಗ. ಆ ತೋಟದ ಲೆಕ್ಕ ಬರೆಯುವ ರೈಟರು ಹಾಜರಿಯನ್ನು ಮೊದಲು ಎಕ್ಸೆಲ್‌ನಲ್ಲಿ ಬರೆದು, ಅಲ್ಲಿಂದ ನಕಲಿಸಿ ಅಂಟಿಸುತ್ತಿದ್ದರು. ಕೆಲವು ದಿನ ಖಾಲಿ ಜಾಗವೂ ಜೊತೆಗೆ ಬರುತ್ತಿತ್ತು.

ಹಾಗಾದರೆ ಮೂಲದಲ್ಲಿ ಬಟವಾಡೆ ಹೇಗೆ ಕೂಡಿತು? ಎಸ್‌ಕ್ಯೂಎಲ್ ಸರ್ವರ್, ಮೈಎಸ್‌ಕ್ಯೂಎಲ್‌ನ ಹಳೆಯ ಕೊಲೇಷನ್‌ಗಳು, ಅಂದರೆ ಡೇಟಾಬೇಸ್‌ನ ಹೋಲಿಕೆ ನಿಯಮಗಳು, ಎರಡು ಪದಗಳನ್ನು ಹೋಲಿಸುವಾಗ ಕೊನೆಯ ಖಾಲಿ ಜಾಗವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಲವು ಕಡೆ ಇಂಗ್ಲಿಷಿನ ದೊಡ್ಡಕ್ಷರ ಸಣ್ಣಕ್ಷರಗಳ ಭೇದವನ್ನೂ ಮಾಡುವುದಿಲ್ಲ. ಡೇಟಾಬೇಸ್ ಉದಾರಿ. ನಮ್ಮ ಪೈಥಾನ್ ಸ್ಕ್ರಿಪ್ಟ್ ಹಾಗಲ್ಲ. ಅದಕ್ಕೆ ಆರಕ್ಷರದ ಕೆ-0412 ಒಬ್ಬರು, ಏಳಕ್ಷರದ ಕೆ-0412 ಇನ್ನೊಬ್ಬರು. ಇಬ್ಬರಿಗೂ ಪ್ರಾಮಾಣಿಕವಾಗಿ ಬೇರೆ ಬೇರೆ ಬದಲಿ ಕೊಟ್ಟಿತು. ಬದಲಿ ಬಿದ್ದ ಮೇಲೆ ಅವುಗಳ ನಡುವೆ ಯಾವ ಹೋಲಿಕೆಯೂ ಉಳಿಯುವುದಿಲ್ಲವಾದ್ದರಿಂದ ಡೇಟಾಬೇಸ್‌ನ ಔದಾರ್ಯಕ್ಕೂ ಅಲ್ಲಿ ಬೆಲೆಯಿಲ್ಲ.

ಪರಿಹಾರ: ಬದಲಿ ಹುಡುಕುವ ಮುನ್ನ ಮೂಲವನ್ನು ಒಂದು ಹದಕ್ಕೆ ತನ್ನಿ. ಹಿಂದುಮುಂದಿನ ಖಾಲಿ ಜಾಗ ತೆಗೆಯಿರಿ, ಅಕ್ಷರದ ಗಾತ್ರ ಒಂದೇ ಮಾಡಿ. ನಿಮ್ಮ ಡೇಟಾಬೇಸ್ ಯಾವುದನ್ನು ‘ಒಂದೇ’ ಎನ್ನುತ್ತದೆಯೋ ಸ್ಕ್ರಿಪ್ಟ್ ಕೂಡ ಅದನ್ನೇ ‘ಒಂದೇ’ ಎನ್ನಬೇಕು.

ಇಬ್ಬರಿಗೆ ಒಂದೇ ಬದಲಿ

ಎರಡು ಬ್ಲಾಕಿನಲ್ಲಿ ಹಣ್ಣು ಕೊಯ್ದವರ ಕಥೆಗೆ ಬರೋಣ. ನಾವು ಆರಂಕಿಯ ಬದಲಿ ಸಂಕೇತ ಹಾಕಿದ್ದೆವು. ಹತ್ತು ಲಕ್ಷ ಸಾಧ್ಯತೆಗಳಿವೆ, ಕೆಲಸಗಾರರು ಎರಡು ಸಾವಿರ ಚಿಲ್ಲರೆ, ಡಿಕ್ಕಿಯಾಗುವುದೆಲ್ಲಿ ಎಂದುಕೊಂಡೆವು. ಲೆಕ್ಕ ಬೇರೆಯೇ ಹೇಳುತ್ತದೆ. 23 ಜನ ಸೇರಿದ ಕೋಣೆಯಲ್ಲಿ ಇಬ್ಬರ ಹುಟ್ಟುಹಬ್ಬ ಒಂದೇ ದಿನ ಬರುವ ಸಾಧ್ಯತೆ ಅರ್ಧಕ್ಕಿಂತ ಹೆಚ್ಚು ಎಂಬ ಪ್ರಸಿದ್ಧ ಲೆಕ್ಕವಿದೆಯಲ್ಲ, ಅದೇ ಇದು. ಹತ್ತು ಲಕ್ಷ ಸಾಧ್ಯತೆಗಳಿದ್ದರೂ ಸುಮಾರು 1,180 ಜನ ಆಗುವಷ್ಟರಲ್ಲಿ ಒಂದಾದರೂ ಡಿಕ್ಕಿಯಾಗುವ ಸಾಧ್ಯತೆ ಅರ್ಧಕ್ಕೆ ಬರುತ್ತದೆ. 2,100 ಜನರಲ್ಲಿ ಸುಮಾರು 22 ಲಕ್ಷ ಜೋಡಿಗಳಾಗುತ್ತವೆ. ಪ್ರತಿ ಜೋಡಿಗೆ ಹತ್ತು ಲಕ್ಷದಲ್ಲೊಂದು ಅವಕಾಶ. ಸರಾಸರಿ ಎರಡು ಡಿಕ್ಕಿ. ನಮ್ಮಲ್ಲಿ ಆದದ್ದೂ ಸರಿಯಾಗಿ ಎರಡು. ಒಂದು ಜೋಡಿ ಹಾಸನದವರ ಕಣ್ಣಿಗೆ ಬಿತ್ತು. ಇನ್ನೊಂದು ಜೋಡಿಯಲ್ಲಿ ಒಬ್ಬರು ಆ ತಿಂಗಳು ಪೂರ್ತಿ ರಜೆಯಲ್ಲಿದ್ದುದರಿಂದ ಯಾರಿಗೂ ಕಾಣಲಿಲ್ಲ.

ಕೆಲಸಗಾರರ ಪಟ್ಟಿಯಲ್ಲಿ ಸಂಕೇತವೇ ಪ್ರಾಥಮಿಕ ಕೀಲಿಯಾಗಿದ್ದರೂ (ಒಂದೇ ಸಂಕೇತ ಎರಡು ಸಲ ಬರಬಾರದೆಂಬ ನಿರ್ಬಂಧವಿದ್ದರೂ) ಡೇಟಾಬೇಸ್ ಏಕೆ ತಡೆಯಲಿಲ್ಲ ಎಂದು ನೀವು ಕೇಳಬಹುದು. ಬೇಗ ತುಂಬಲಿ ಎಂದು ನಿರ್ಬಂಧಗಳನ್ನು ತೆಗೆದು ತುಂಬಿದ್ದೆವು, ಆಮೇಲೆ ಹಾಕಲು ಮರೆತೆವು. ಈ ಸಾಲು ಬರೆಯಲು ನನಗೆ ನಾಚಿಕೆಯಿದೆ, ಆದರೂ ನಿಮ್ಮಲ್ಲೂ ಹೀಗಾಗಿರುವ ಸಂಭವ ಹೆಚ್ಚು. ಅದನ್ನೇ ಮೊದಲು ನೋಡಿ. ಉಳಿದಂತೆ ಪರಿಹಾರ ಸರಳ. ಹೊಸ ಬದಲಿ ಹೆಕ್ಕಿದಾಗಲೆಲ್ಲ ಅದು ಈಗಾಗಲೇ ಹಂಚಿಹೋಗಿದೆಯೇ ಎಂದು ನೋಡಿ, ಹೋಗಿದ್ದರೆ ಮತ್ತೊಂದನ್ನು ಹೆಕ್ಕಿ. ಇಲ್ಲವೇ ಬದಲಿಗಳನ್ನು ಮೊದಲೇ ಬರೆದಿಟ್ಟು, ಇಸ್ಪೀಟಿನ ಎಲೆಗಳಂತೆ ಕಲಸಿ ಒಂದೊಂದಾಗಿ ಹಂಚಿ.

ಆಧಾರ್ ಸಂಖ್ಯೆ ತಿರಸ್ಕಾರವಾದರೆ

ಹನ್ನೆರಡು ಅಂಕಿ ಹೆಕ್ಕಿ ಹಾಕಿದರೆ ಆಧಾರ್ ಆಗುವುದಿಲ್ಲ. ಕೊನೆಯ ಅಂಕಿ ಮೊದಲ ಹನ್ನೊಂದರಿಂದ ಲೆಕ್ಕ ಹಾಕಿ ಬರುವ ತಾಳೆ ಅಂಕಿ. ಡಚ್ ಗಣಿತಜ್ಞ ವರ್ಹೂಫ್ 1969ರಲ್ಲಿ ಪ್ರಕಟಿಸಿದ ವಿಧಾನ ಅದು; ಒಂದು ಅಂಕಿ ತಪ್ಪಿದರೂ, ಪಕ್ಕಪಕ್ಕದ ಎರಡು ಅಂಕಿ ಅದಲುಬದಲಾದರೂ ಹಿಡಿಯುತ್ತದೆ. ಜೊತೆಗೆ ಆಧಾರ್ ಸಂಖ್ಯೆ 0 ಅಥವಾ 1ರಿಂದ ಆರಂಭವಾಗುವುದಿಲ್ಲ. ತಿರಸ್ಕಾರದ ಪ್ರಮಾಣವನ್ನು ನೋಡಿಯೇ ಕಾರಣ ಹೇಳಬಹುದು. ನೂರಕ್ಕೆ 92 ತಿರಸ್ಕಾರವಾಗಿದ್ದರೆ ಎರಡು ನಿಯಮವನ್ನೂ ಪಾಲಿಸಿಲ್ಲ. 90 ಆಗಿದ್ದರೆ ಮೊದಲ ಅಂಕಿ ಸರಿಯಿದೆ, ತಾಳೆ ಅಂಕಿ ಬಿಟ್ಟಿದ್ದೀರಿ. 20 ಆಗಿದ್ದರೆ ತಾಳೆ ಸರಿಯಿದೆ, ಮೊದಲ ಅಂಕಿಯನ್ನು ಮರೆತಿದ್ದೀರಿ. ನೂರಕ್ಕೆ ನೂರೂ ತಿರಸ್ಕಾರವಾಗಿದ್ದರೆ ಯಾದೃಚ್ಛಿಕತೆಗೂ ಇದಕ್ಕೂ ಸಂಬಂಧವಿಲ್ಲ. ಸಂಖ್ಯೆ ಎಕ್ಸೆಲ್ ಹಾದು ಬಂದಿರಬೇಕು. ಸಾಮಾನ್ಯ ರೂಪದ ಕಾಲಂನಲ್ಲಿ ಹನ್ನೆರಡಂಕಿಯ ಸಂಖ್ಯೆಯನ್ನು ಅದು ಘಾತಸಂಖ್ಯೆಯ ರೂಪದಲ್ಲಿ ತೋರಿಸುತ್ತದೆ, ಹಾಗೆಯೇ ಉಳಿಸಿದರೆ ಉಳಿದ ಅಂಕಿಗಳು ಹೋದವು. ಹದಿನೈದಕ್ಕಿಂತ ಹೆಚ್ಚು ಅಂಕಿಯ ಖಾತೆ ಸಂಖ್ಯೆಯಾದರೆ ಹದಿನೈದರಾಚೆಗಿನ ಅಂಕಿಗಳನ್ನೆಲ್ಲ ಸೊನ್ನೆ ಮಾಡುತ್ತದೆ. ಕಾಲಂ ಅನ್ನು ಪಠ್ಯವೆಂದು ಗುರುತಿಸಿ, ಇಲ್ಲವೇ ಎಕ್ಸೆಲ್ ಸಹವಾಸವನ್ನೇ ಬಿಡಿ.

ಈಗ ಎಲ್ಲ ನಿಯಮ ಪಾಲಿಸಿ ಅಚ್ಚುಕಟ್ಟಾದ ಬದಲಿ ಆಧಾರ್ ಹುಟ್ಟಿಸಿದಿರಿ ಎನ್ನಿ. ಅಲ್ಲಿ ಇನ್ನೊಂದು ತೊಂದರೆ ಕಾದಿದೆ. ನಿಯಮಕ್ಕೆ ಹೊಂದುವ ಸಂಖ್ಯೆಗಳು ಒಟ್ಟು 8,000 ಕೋಟಿ. ಅದರಲ್ಲಿ 130 ಕೋಟಿಗೂ ಹೆಚ್ಚು ಈಗಾಗಲೇ ಜನರ ಕೈಯಲ್ಲಿವೆ. ಅಂದರೆ ನೀವು ಹುಟ್ಟಿಸಿದ ಅರವತ್ತು ‘ಸುಳ್ಳು’ ಆಧಾರ್‌ಗಳಲ್ಲಿ ಒಂದು ನಿಜವಾಗಿ ಯಾರದ್ದೋ ಆಗಿರುತ್ತದೆ. 2,100 ಜನರ ಪಟ್ಟಿಯಲ್ಲಿ ಅಂಥವು ಸುಮಾರು 35. ನಾವೀಗ ತಾಳೆ ಅಂಕಿಯನ್ನು ಸರಿಯಾಗಿ ಇಟ್ಟು, ಮೊದಲ ಅಂಕಿಯನ್ನು ಬೇಕೆಂದೇ 1 ಮಾಡುತ್ತೇವೆ. ಪರೀಕ್ಷಾ ಸರ್ವರ್‌ನಲ್ಲಿ ಮೊದಲಂಕಿಯ ನಿಯಮವೊಂದನ್ನು ಸಡಿಲಿಸಿದ್ದೇವೆ. ನೋಡಿದ ಕೂಡಲೇ ಇದು ನಕಲಿ ಎಂದು ಗೊತ್ತಾಗುವುದು ಬದಲಿ ಮೌಲ್ಯಕ್ಕೆ ಕೊರತೆಯಲ್ಲ.

ಮೊಬೈಲ್ ಸಂಖ್ಯೆಯ ವಿಷಯದಲ್ಲಿ ಈ ಪಾಠವನ್ನು ನಾವು ಕೈ ಸುಟ್ಟುಕೊಂಡೇ ಕಲಿತದ್ದು. 6ರಿಂದ 9ರವರೆಗೆ ಆರಂಭವಾಗುವ ಹತ್ತಂಕಿಯ ಸಂಖ್ಯೆಗಳು ಒಟ್ಟು 400 ಕೋಟಿ; ದೇಶದಲ್ಲಿ ಬಳಕೆಯಲ್ಲಿರುವ ಸಂಪರ್ಕಗಳು ನೂರು ಕೋಟಿಗೂ ಮೀರಿವೆ. ಹೆಚ್ಚುಕಡಿಮೆ ನಾಲ್ಕಕ್ಕೊಂದು ಬದಲಿ ಸಂಖ್ಯೆ ಯಾರದ್ದೋ ಜೇಬಿನಲ್ಲಿ ರಿಂಗಾಗುತ್ತದೆ. ಪರೀಕ್ಷಾ ಸರ್ವರ್‌ನಿಂದ ಎಸ್‌ಎಂಎಸ್ ಹೋಗುವುದನ್ನು ನಿಲ್ಲಿಸಿರಲಿಲ್ಲ. ಬಟವಾಡೆ ಪರೀಕ್ಷೆ ಓಡಿಸಿದ ಮಧ್ಯಾಹ್ನ, ಸಂದೇಶದ ಕೊನೆಯಲ್ಲಿದ್ದ ನಮ್ಮ ಕಚೇರಿಯ ಸಂಖ್ಯೆಗೆ ಯಾವುದೋ ಊರಿನ ಹಿರಿಯರೊಬ್ಬರು ಕರೆ ಮಾಡಿದರು. “ಏನಪ್ಪಾ, ನನ್ನ ಖಾತೆಗೆ 3,860 ರೂಪಾಯಿ ಹಾಕಿದ್ದೀರಂತೆ. ಬ್ಯಾಂಕಿಗೆ ಹೋಗಿ ಬಂದೆ, ಬಂದಿಲ್ಲವಲ್ಲ?” ಬಸ್ ಹಿಡಿದು ಹೋಗಿಬಂದಿದ್ದರಂತೆ. ಅವರಿಗೆ ಏನು ಉತ್ತರ ಹೇಳುವುದು? ಈಗ ನಮ್ಮ ಬದಲಿ ಮೊಬೈಲ್ ಸಂಖ್ಯೆಗಳೆಲ್ಲ ಸೊನ್ನೆಯಿಂದ ಆರಂಭವಾಗುತ್ತವೆ, ಎಸ್‌ಎಂಎಸ್ ಸೇವೆಯ ಕೀಲಿ ಪರೀಕ್ಷಾ ಸರ್ವರ್‌ನಲ್ಲಿ ಇಲ್ಲವೇ ಇಲ್ಲ.

ಪ್ಯಾನ್ ಬಗ್ಗೆ ಒಂದೇ ಮಾತು. ಅದರ ನಾಲ್ಕನೆಯ ಅಕ್ಷರ ಯಾರ ಖಾತೆ ಎಂದು ಹೇಳುತ್ತದೆ: ವ್ಯಕ್ತಿಗೆ ಪಿ, ಕಂಪನಿಗೆ ಸಿ, ಅವಿಭಕ್ತ ಹಿಂದೂ ಕುಟುಂಬಕ್ಕೆ ಎಚ್. ಅದನ್ನೂ ಮನಬಂದಂತೆ ಬದಲಾಯಿಸಿದರೆ ಗುತ್ತಿಗೆ ಮೇಸ್ತ್ರಿಗೆ ಶೇ. 1ರ ಬದಲು ಕಂಪನಿಯಂತೆ ಶೇ. 2 ಟಿಡಿಎಸ್ (ಹಣ ಕೊಡುವಾಗಲೇ ಕಡಿತವಾಗುವ ತೆರಿಗೆ) ಬೀಳುತ್ತದೆ. ತೆರಿಗೆ ಲೆಕ್ಕ ಕಾರಣವಿಲ್ಲದೆ ದುಪ್ಪಟ್ಟಾದರೆ ಮೊದಲು ನೋಡಬೇಕಾದ್ದು ಆ ಅಕ್ಷರ. ಹಾಗೆಯೇ ಬ್ಯಾಂಕ್ ಶಾಖೆಯ ಸಂಕೇತವಾದ ಐಎಫ್‌ಎಸ್‌ಸಿಯ ಐದನೆಯ ಸ್ಥಾನ ಯಾವಾಗಲೂ ಸೊನ್ನೆ.

ಲಕ್ಷ್ಮೀದೇವಮ್ಮ ಲಕ್ಷ್ಮೀದೇವ ಆದದ್ದು

ಹೆಸರುಗಳಿಗೆ ಬದಲಿಯಾಗಿ ನಾವೊಂದು ಕನ್ನಡ ಹೆಸರುಗಳ ಪಟ್ಟಿ ಮಾಡಿಕೊಂಡಿದ್ದೆವು. ಅದರಲ್ಲಿ ಲಕ್ಷ್ಮೀದೇವಮ್ಮ ಎಂದಿತ್ತು, ಪರೀಕ್ಷಾ ಪ್ರತಿಯಲ್ಲಿ ಲಕ್ಷ್ಮೀದೇವ ಎಂದು ಬಂತು. ಲಿಂಗದ ಕಾಲಂನಲ್ಲಿ ಹೆಣ್ಣು, ಹೆಸರಿನಲ್ಲಿ ಗಂಡು. ಕಾರಣ ಬೈಟ್ (ಯಂತ್ರ ಜಾಗ ಅಳೆಯುವ ಮಾನ) ಲೆಕ್ಕ. ನಮ್ಮ ಕಣ್ಣಿಗೆ ಆ ಹೆಸರು ಲ, ಕ್ಷ್ಮೀ, ದೇ, ವ, ಮ್ಮ ಎಂದು ಐದಕ್ಷರ. ಯಂತ್ರದಲ್ಲಿ ಅಕ್ಷರಗಳಿಗೆ ಸಂಕೇತ ಕೊಡುವ ಯುನಿಕೋಡ್‌ಗೆ ಅದು 13 ಸಂಕೇತಗಳು, ಯಾಕೆಂದರೆ ವ್ಯಂಜನ, ಹಲಂತ, ಸ್ವರಚಿಹ್ನೆಗಳನ್ನು ಬಿಡಿಬಿಡಿಯಾಗಿ ಎಣಿಸುತ್ತದೆ. ಆ ಸಂಕೇತಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೈಟ್, ಒಟ್ಟು 39. ಕಾಲಂ 30 ಬೈಟ್‌ನದು, ನಮ್ಮ ಸ್ಕ್ರಿಪ್ಟ್ ಅಲ್ಲಿಗೆ ಕತ್ತರಿಸುತ್ತಿತ್ತು. ಮೂವತ್ತು ಬೈಟ್ ಎಂದರೆ ಹತ್ತು ಸಂಕೇತ, ಹತ್ತನೆಯದು ‘ವ’. ಇಷ್ಟು ಚೊಕ್ಕವಾಗಿ ತುಂಡಾದದ್ದರಿಂದಲೇ ಯಾರಿಗೂ ಅನುಮಾನ ಬರಲಿಲ್ಲ. ಹಲಂತದ ಮೇಲೆ ತುಂಡಾಗಿದ್ದರೆ ಆವತ್ತೇ ಸಿಕ್ಕಿಬೀಳುತ್ತಿತ್ತು.

ಹೆಸರಿನಲ್ಲಿ ಇನ್ನೊಂದು ಗುಂಡಿಯಿದೆ. ದೀರ್ಘದ ‘ೀ’ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಇಡಬಹುದು, ‘ಿ’ ಮತ್ತು ದೀರ್ಘ ಚಿಹ್ನೆ ಎಂದು ಎರಡಾಗಿಯೂ ಇಡಬಹುದು. ‘ೇ’ ಕೂಡ ಹಾಗೆಯೇ. ಪರದೆಯ ಮೇಲೆ ಎರಡೂ ಒಂದೇ. ಹೀಗೆ ಅದೇ ಲಕ್ಷ್ಮೀದೇವಮ್ಮ ಒಂದು ಕಡೆ 13 ಸಂಕೇತ, ಇನ್ನೊಂದು ಕಡೆ 15. ಹೆಸರು ಹಿಡಿದು ಎರಡು ಕೋಷ್ಟಕ ಜೋಡಿಸುವುದೇ ತಪ್ಪು ಎಂದು ನಾನು ಎಷ್ಟು ಹೇಳಿದರೂ, ಹಳೆಯ ತೋಟಗಳ ದಾಖಲೆಯಲ್ಲಿ ನಾಮಿನಿಯನ್ನು ಹುಡುಕುವುದು ಹೆಸರಿನಿಂದಲೇ. ಬದಲಿ ಹುಡುಕುವ ಮೊದಲು ಯುನಿಕೋಡ್‌ನ ಎನ್‌ಎಫ್‌ಸಿ ರೂಪಕ್ಕೆ ತಂದರೆ ಈ ಎರಡೂ ಒಂದಾಗುತ್ತವೆ. ನುಡಿ ಅಥವಾ ಬರಹದ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಹೆಸರುಗಳಿದ್ದರೆ ಅದಕ್ಕೂ ಮುನ್ನ ಯುನಿಕೋಡ್‌ಗೆ ಪರಿವರ್ತಿಸಿ.

ಜೂನ್‌ನಲ್ಲಿ ಹಣ್ಣು ಕೊಯ್ಲು

ದಿನಾಂಕಗಳನ್ನು ಒಂದೊಂದಾಗಿ ಬದಲಾಯಿಸಿದಾಗ ಹುಟ್ಟುವ ಮೊದಲೇ ಕೆಲಸಕ್ಕೆ ಸೇರಿದವರು ಕಾಣಿಸಿಕೊಂಡರು. ಸರಿ ಎಂದು, ಒಬ್ಬೊಬ್ಬರಿಗೆ ಒಂದು ಯಾದೃಚ್ಛಿಕ ದಿನಸಂಖ್ಯೆ ಹೆಕ್ಕಿ, ಆ ವ್ಯಕ್ತಿಯ ಎಲ್ಲ ದಿನಾಂಕಗಳನ್ನೂ ಅಷ್ಟೇ ದಿನ ಸರಿಸಿದೆವು. ವಯಸ್ಸು, ಸೇವಾವಧಿ ಎಲ್ಲ ಕೂಡಿಬಂದವು. ಆಮೇಲೆ ಹಾಸನದಿಂದ ಮತ್ತೊಂದು ಪ್ರಶ್ನೆ: ಜೂನ್ ತಿಂಗಳ ಮಳೆಯಲ್ಲಿ ಹಣ್ಣು ಕೊಯ್ದವರು ಯಾರು? ಸಂತೆಯ ದಿನದ ವಾರದ ರಜೆಯಲ್ಲೂ ಇಷ್ಟೊಂದು ಹಾಜರಿ ಏಕೆ? ಮಲೆನಾಡಿನಲ್ಲಿ ಹುಟ್ಟಿದ ಪರೀಕ್ಷಕರು ಸಿಕ್ಕಿದ್ದು ನಮ್ಮ ಪುಣ್ಯ. ಈಗ ಸರಿಸುವ ದಿನಗಳು ಏಳರ ಗುಣಕವೇ ಆಗಿರುತ್ತವೆ, ಮೂರು ವಾರಕ್ಕಿಂತ ಹೆಚ್ಚು ಸರಿಸುವುದಿಲ್ಲ. ವಾರ ತಪ್ಪುವುದಿಲ್ಲ, ನವೆಂಬರ್‌ನಿಂದ ಫೆಬ್ರುವರಿವರೆಗಿನ ಕೊಯ್ಲು ಮಳೆಗಾಲಕ್ಕೆ ಜಾರುವುದಿಲ್ಲ. ಇಷ್ಟು ಕಡಿಮೆ ಸರಿಸಿದರೆ ಗುಟ್ಟು ಅಷ್ಟು ಭದ್ರವಲ್ಲ, ನಿಜ. ಅದಕ್ಕೆ ಹುಟ್ಟಿದ ದಿನಾಂಕವನ್ನು ಮಾತ್ರ ಬೇರೆಯಾಗಿ, ಸೇರಿದ ದಿನಾಂಕದ ಹಿಂದೆಯೇ ಉಳಿಯುವಂತೆ, ಹೆಚ್ಚು ಸರಿಸುತ್ತೇವೆ.

ಲೆಕ್ಕ ಕೂಡಿದರೂ ಗುಟ್ಟು ಉಳಿಯದಿದ್ದರೆ

ಈ ಬಗೆಯ ದೋಷದ ಬಗ್ಗೆ ಯಾರೂ ಫೋನ್ ಮಾಡುವುದಿಲ್ಲ. ನೀವೇ ಹುಡುಕಬೇಕು.

ಸ್ಕ್ರಿಪ್ಟ್ ಅನ್ನು ಖಾಲಿ ಬದಲಿ ಪಟ್ಟಿಯಿಂದ ಎರಡು ಸಲ ಓಡಿಸಿ. ಎರಡು ಸಲವೂ ಅದೇ ಬದಲಿಗಳು ಬಂದರೆ ಸೀಡ್ ಅನ್ನು (ಯಾದೃಚ್ಛಿಕ ಸಂಖ್ಯೆಗಳ ಸರಣಿ ಶುರುವಾಗುವ ಬೀಜಸಂಖ್ಯೆಯನ್ನು) ಯಾರೋ ಸ್ಥಿರವಾಗಿ ಬರೆದಿಟ್ಟಿದ್ದಾರೆ. ಅದು ಗೊತ್ತಾದವರು ಸ್ಕ್ರಿಪ್ಟ್ ಓಡಿಸಿ ಅದೇ ಬದಲಿಗಳನ್ನು ಅದೇ ಕ್ರಮದಲ್ಲಿ ಹುಟ್ಟಿಸಿಕೊಳ್ಳಬಹುದು. ಗಡಿಯಾರದ ಸಮಯವನ್ನೇ ಸೀಡ್ ಮಾಡಿದರೂ ಊಹಿಸುವುದು ಕಷ್ಟವಲ್ಲ. ಪೈಥಾನ್‌ನಲ್ಲಿ ಆಟ, ಅನುಕರಣೆಗಳಿಗೆಂದು ಇರುವ ರ‍್ಯಾಂಡಮ್ ಮಾಡ್ಯೂಲ್ ಬಿಟ್ಟು, ಗುಟ್ಟಿನ ಕೆಲಸಕ್ಕೆಂದೇ ಇರುವ ಸೀಕ್ರೆಟ್ಸ್ ಬಳಸಿ.

ಬದಲಿ ಪಟ್ಟಿಯ ರಗಳೆ ಬೇಡವೆಂದು ಮೂಲದ ಹ್ಯಾಶ್ (ಒಂದು ಸೂತ್ರ ಹಾಕಿ ಮೂಲದಿಂದ ತೆಗೆದ ಸಂಕೇತ) ಕೂರಿಸುವವರಿದ್ದಾರೆ. ಮೊಬೈಲ್ ಸಂಖ್ಯೆಗೆ ಅದು ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ಹೊಸಿಲ ಮೇಲಿಟ್ಟ ಹಾಗೆ. ಸಾಧ್ಯತೆಗಳು 400 ಕೋಟಿ, ಎಲ್ಲಕ್ಕೂ ಹ್ಯಾಶ್ ತೆಗೆದು ಹೋಲಿಸಿದರೆ ಮೂಲ ಸಿಕ್ಕಿಬಿಡುತ್ತದೆ. ಸೆಕೆಂಡಿಗೆ ನೂರಾರು ಕೋಟಿ ಎಸ್‌ಎಚ್‌ಎ-256 ಹ್ಯಾಶ್ ತೆಗೆಯುವ ಗ್ರಾಫಿಕ್ಸ್ ಕಾರ್ಡ್‌ಗಳಿವೆ. ಬದಲಿ ಪೂರ್ತಿ ಯಾದೃಚ್ಛಿಕವಾಗಿದ್ದರೆ ಅದರಿಂದ ಮೂಲಕ್ಕೆ ಹೋಗುವ ದಾರಿ ಬದಲಿ ಪಟ್ಟಿಯೊಂದೇ. ರಿಸರ್ವ್ ಬ್ಯಾಂಕಿನ ನಿಯಮದಂತೆ 2022ರ ಅಕ್ಟೋಬರ್ 1ರಿಂದ ವ್ಯಾಪಾರಿಗಳು ಕಾರ್ಡ್ ಸಂಖ್ಯೆಯನ್ನು ಉಳಿಸಿಕೊಳ್ಳುವಂತಿಲ್ಲ, ಅದರ ಬದಲಿ ಸಂಕೇತವಾದ ಟೋಕನ್ ಮಾತ್ರ ಇಟ್ಟುಕೊಳ್ಳಬಹುದು. ಅಲ್ಲೂ ನಂಬಿಕೆ ನಿಂತಿರುವುದು ಟೋಕನ್‌ನಿಂದ ಕಾರ್ಡಿಗೆ ಹೋಗುವ ದಾರಿ ವ್ಯಾಪಾರಿಯ ಕೈಯಲ್ಲಿ ಇಲ್ಲ ಎಂಬುದರ ಮೇಲೆ. ನಮ್ಮ ಬದಲಿ ಪಟ್ಟಿ ಚಿಕ್ಕಮಗಳೂರಿನ ಯಂತ್ರದಲ್ಲೇ ಇರುತ್ತದೆ. ಒಮ್ಮೆ ಅದು ಪರೀಕ್ಷಾ ಪ್ರತಿಯ ಜಿಪ್ ಕಡತದೊಳಗೇ ಸೇರಿ ಹಾಸನ ತಲುಪುವುದರಲ್ಲಿತ್ತು.

ಹೆಸರು, ಸಂಖ್ಯೆ ಎಲ್ಲ ಬದಲಾದರೂ ಉಳಿದ ವಿವರಗಳೇ ಮನುಷ್ಯನನ್ನು ಬಯಲು ಮಾಡಬಹುದು. 1990ರ ದಶಕದಲ್ಲಿ ಅಮೆರಿಕದ ಸಂಶೋಧಕಿ ಲತಾನ್ಯಾ ಸ್ವೀನಿ, ಹೆಸರು ತೆಗೆದ ಆಸ್ಪತ್ರೆ ದಾಖಲೆಗಳನ್ನು ಮತದಾರರ ಪಟ್ಟಿಯೊಂದಿಗೆ ತಾಳೆ ನೋಡಿ ಮ್ಯಾಸಚೂಸೆಟ್ಸ್ ರಾಜ್ಯಪಾಲರ ದಾಖಲೆಯನ್ನೇ ಗುರುತಿಸಿದ್ದರು. ಹುಟ್ಟಿದ ದಿನಾಂಕ, ಲಿಂಗ, ಅಂಚೆ ಸಂಕೇತ ಸಾಕಾಗಿತ್ತು. ತೋಟದಲ್ಲಂತೂ ಇನ್ನೂ ಸುಲಭ. ಒಂದು ತೋಟಕ್ಕೆ ರೈಟರು ಒಬ್ಬರೇ. ತೋಟದ ಹೆಸರು ಮತ್ತು ಹುದ್ದೆ ಉಳಿದಿದ್ದರೆ ಅವರ ಸಂಬಳ ಎಷ್ಟೆಂದು ಯಾರು ಬೇಕಾದರೂ ಓದಬಹುದು. ತೋಟ, ಹುದ್ದೆ, ವಯಸ್ಸು ಮೂರನ್ನೂ ಸೇರಿಸಿ ಗುಂಪು ಮಾಡಿ ಎಣಿಸಿ. ಒಬ್ಬರೇ ಇರುವ ಗುಂಪುಗಳಿದ್ದರೆ ತೋಟದ ಹೆಸರಿಗೂ ಬದಲಿ ಹಾಕಿ, ವಯಸ್ಸನ್ನು ಹತ್ತು ವರ್ಷದ ಅಂತರಕ್ಕೆ ಹಿಗ್ಗಿಸಿ.

ಕೊನೆಗೆ ಷರಾ ಕಾಲಂ. ಅದನ್ನು ನಾವು ಮೂರು ಆವೃತ್ತಿಗಳವರೆಗೆ ಮುಟ್ಟಿಯೇ ಇರಲಿಲ್ಲ, ಅದರಲ್ಲಿ ಏನಿದ್ದೀತು ಎಂದು. ತೆರೆದು ನೋಡಿದರೆ ಯಾರ ಮುಂಗಡವನ್ನು ಯಾವ ತಮ್ಮನ ಲೆಕ್ಕಕ್ಕೆ ಹಾಕಬೇಕು, ಯಾರು ಹೆರಿಗೆಗೆ ತವರಿಗೆ ಹೋಗಿದ್ದಾರೆ, ಯಾರಿಗೆ ಕರೆ ಮಾಡಬೇಕಾದ ಸಂಖ್ಯೆ ಯಾವುದು, ಎಲ್ಲವನ್ನೂ ರೈಟರುಗಳು ನಿಜ ಹೆಸರಿನ ಸಮೇತ ಬರೆದಿಟ್ಟಿದ್ದರು. ಅದಕ್ಕೆ ಬದಲಿ ಹುಟ್ಟಿಸುವ ಗೋಜಿಗೆ ಹೋಗಲಿಲ್ಲ. ಪರೀಕ್ಷಾ ಪ್ರತಿಯಲ್ಲಿ ಆ ಕಾಲಂ ಈಗ ಖಾಲಿ ಹೋಗುತ್ತದೆ.